ಸರತಿಯ ಸಾಲಿನಿಂದ ಕಲಿಯುವ ಯಂತ್ರದವರೆಗೆ: ಪ್ರೊ. ಎನ್. ಯು. ಪ್ರಭು ಅವರ ಬೋಧನೆಯ ಹಾದಿ

ಪ್ರತಿ ವರ್ಷ ಬೇಸಗೆ ರಜೆಯಲ್ಲಿ, ಶಾಲಾ ಪ್ರವೇಶದ ಮೊದಲು, ನಾವು ಕನ್ನಡ ಶಾಲೆಯ ಅಧ್ಯಾಪಕರು ಮನೆಮನೆಗೆ ಹೋಗುವುದು ವಾಡಿಕೆ. ಮೊದಲೆಲ್ಲ ಹೆತ್ತವರು ಕೇಳುತ್ತಿದ್ದುದು ಶಾಲೆಯ ಬಸ್ಸಿನ ಬಗ್ಗೆ, ಮಧ್ಯಾಹ್ನದ ಊಟದ ಬಗ್ಗೆ. ಈಗ ಕೇಳುವ ಪ್ರಶ್ನೆ ಬೇರೆ: "ಇನ್ನು ಮುಂದೆ ಎಲ್ಲವೂ ಎಐ ಅಂತೆ ಮಾಷ್ಟ್ರೇ. ಕನ್ನಡ ಮಾಧ್ಯಮದಲ್ಲಿ ಕಲಿತ ಮಗುವಿಗೆ ಅಲ್ಲಿ ಎಡೆಯುಂಟೇ?" ಅಭಿಮಾನದ ಮಾತಿನಿಂದ ಈ ಪ್ರಶ್ನೆಗೆ ಉತ್ತರ ಕೊಡಲಾಗದು. ಎಐ, ಅಂದರೆ ಕೃತಕ ಬುದ್ಧಿಮತ್ತೆ, ಯಾವ ತಿಳಿವಳಿಕೆಯ ಮೇಲೆ ನಿಂತಿದೆ, ಆ ತಿಳಿವಳಿಕೆಯನ್ನು ನಮ್ಮ ಆಸುಪಾಸಿನ ನೆಲದಲ್ಲಿ ಯಾರು ಕಲಿಸಿದರು, ಅದರ ಮೊದಲ ಪಾಠ ನಮ್ಮ ತರಗತಿಗಳಲ್ಲಿ ಎಲ್ಲಿದೆ ಎಂಬುದನ್ನು ವಿವರಿಸಬೇಕಾಗುತ್ತದೆ. ಈ ಲೇಖನ ಆ ಉದ್ದೇಶದ್ದು. ಕಲ್ಲಿಕೋಟೆಯಲ್ಲಿ ಹುಟ್ಟಿ, ಧಾರವಾಡದಲ್ಲಿ ಪಾಠ ಹೇಳಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಿವೃತ್ತರಾದ ಪ್ರೊ. ನರಹರಿ ಉಮಾನಾಥ ಪ್ರಭು ಅವರ ಅಧ್ಯಾಪನ ಜೀವನವೇ ಇದರ ಕೇಂದ್ರ.

ಕಲ್ಲಿಕೋಟೆಯಿಂದ ಧಾರವಾಡಕ್ಕೆ

ಪ್ರಭು ಅವರು ಜನಿಸಿದ್ದು 1924ರಲ್ಲಿ, ಕಲ್ಲಿಕೋಟೆಯಲ್ಲಿ. ಆಗ ಕಲ್ಲಿಕೋಟೆ ಇದ್ದ ಮಲಬಾರ್ ಜಿಲ್ಲೆಯೂ ಕಾಸರಗೋಡು ಇದ್ದ ದಕ್ಷಿಣ ಕನ್ನಡ ಜಿಲ್ಲೆಯೂ ಒಂದೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಮದ್ರಾಸಿನ ಲೊಯೊಲ ಕಾಲೇಜಿನಲ್ಲಿ ಗಣಿತದ ಪದವಿ ಪಡೆದು, 1950ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ಮುಗಿಸಿದರು. ಗುವಾಹಟಿಯಲ್ಲಿ ಎರಡು ವರ್ಷ ಬೋಧಿಸಿದ ಬಳಿಕ 1952ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಂದರು.

ಆ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಆಗಿನ್ನೂ ಮೂರು ವರ್ಷ. ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. ಏಕೀಕರಣಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. 'ಕರ್ನಾಟಕ' ಎಂಬ ಹೆಸರಿನ ವಿಶ್ವವಿದ್ಯಾಲಯವಿತ್ತು, ಆ ಹೆಸರಿನ ರಾಜ್ಯವಿರಲಿಲ್ಲ. ಅಲ್ಲಿ ಪ್ರಭು ಅವರು 1961ರವರೆಗೆ ಸಂಖ್ಯಾಶಾಸ್ತ್ರ ವಿಭಾಗದ ಹೊಣೆ ಹೊತ್ತು ಬೋಧಿಸಿದರು. ಆ ನಡುವೆ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿ 1957ರಲ್ಲಿ ಎಂ.ಎಸ್‌ಸಿ. ಪದವಿಯನ್ನೂ ಪಡೆದರು. ಮುಂದೆ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯ, ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ, 1965ರಿಂದ ಕಾರ್ನೆಲ್. ಅಲ್ಲಿ ಅವರು ಕಾರ್ಯಾಚರಣಾ ಸಂಶೋಧನೆಯ ಪ್ರಾಧ್ಯಾಪಕರಾಗಿದ್ದರು. 1986ರಲ್ಲಿ ಸರತಿ ಸಿದ್ಧಾಂತಕ್ಕೆಂದೇ ಮೀಸಲಾದ 'ಕ್ಯೂಯಿಂಗ್ ಸಿಸ್ಟಮ್ಸ್' ಎಂಬ ಅಂತಾರಾಷ್ಟ್ರೀಯ ಪತ್ರಿಕೆಯನ್ನು ಆರಂಭಿಸಿದರು. 2022ರಲ್ಲಿ, 98ನೆಯ ವಯಸ್ಸಿನಲ್ಲಿ ನಿಧನರಾದರು.

ಕಾರ್ಯಾಚರಣಾ ಸಂಶೋಧನೆ ಎಂದರೇನು?

ಇರುವ ಜನ, ಹಣ, ಸಮಯ, ಯಂತ್ರಗಳನ್ನು ಹೇಗೆ ಬಳಸಿದರೆ ಕೆಲಸ ಅತ್ಯುತ್ತಮವಾಗಿ ಸಾಗುತ್ತದೆ ಎಂಬುದನ್ನು ಗಣಿತದಿಂದ ನಿರ್ಧರಿಸುವ ಶಾಸ್ತ್ರವೇ ಕಾರ್ಯಾಚರಣಾ ಸಂಶೋಧನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ರೇಡಾರ್ ಮತ್ತು ಹಡಗುಗಳ ಬಳಕೆಯ ಬಗ್ಗೆ ವಿಜ್ಞಾನಿಗಳು ನಡೆಸಿದ ಅಧ್ಯಯನಗಳಿಂದ ಈ ಶಾಸ್ತ್ರ ಬೆಳೆಯಿತು. ಯುದ್ಧ ಮುಗಿದ ಮೇಲೆ ಇದು ಕಾರ್ಖಾನೆ, ರೈಲು, ಆಸ್ಪತ್ರೆಗಳಿಗೆ ಬಂತು. ಬಸ್ಸುಗಳ ವೇಳಾಪಟ್ಟಿ, ಪರೀಕ್ಷಾ ಕೇಂದ್ರಗಳ ಹಂಚಿಕೆ, ಗೋದಾಮಿನಲ್ಲಿ ಎಷ್ಟು ಅಕ್ಕಿ ಇಟ್ಟುಕೊಳ್ಳಬೇಕು ಎಂಬ ಲೆಕ್ಕ, ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ.

ಇದರ ಒಂದು ಮುಖ್ಯ ಶಾಖೆ ಸರತಿ ಸಿದ್ಧಾಂತ. ಇದು ಯುದ್ಧಕ್ಕಿಂತ ಹಳೆಯದು. ಡೆನ್ಮಾರ್ಕಿನ ಕೋಪನ್‌ಹೇಗನ್ ದೂರವಾಣಿ ಕಂಪೆನಿಯಲ್ಲಿದ್ದ ಎ. ಕೆ. ಅರ್ಲಾಂಗ್ ಎಂಬ ಗಣಿತಜ್ಞರು, ಎಷ್ಟು ತಂತಿಗಳಿದ್ದರೆ ಕರೆ ಮಾಡುವವರು ಕಾಯಬೇಕಾಗುವುದಿಲ್ಲ ಎಂಬ ಪ್ರಶ್ನೆಯಿಂದ ಹೊರಟು 1909ರಲ್ಲಿ ಮೊದಲ ಲೇಖನ ಪ್ರಕಟಿಸಿದರು. ಯಾರು ಯಾವ ಗಳಿಗೆಯಲ್ಲಿ ಕರೆ ಮಾಡುತ್ತಾರೆಂದು ಮೊದಲೇ ಹೇಳಲಾಗದು. ಆದರೆ ಸಾವಿರಾರು ಕರೆಗಳ ಒಟ್ಟು ನಡವಳಿಕೆಯನ್ನು ಹೇಳಬಹುದು. ಒಂದೊಂದನ್ನು ಬಿಡಿಯಾಗಿ ಊಹಿಸಲಾಗದಿದ್ದರೂ ಒಟ್ಟಿನಲ್ಲಿ ಊಹಿಸಬಹುದೆಂಬ ಈ ತಿಳಿವೇ ಸಂಭವನೀಯತೆಯ ಗಣಿತದ ಬುಡ. ಪ್ರಭು ಅವರು ಜೀವನವಿಡೀ ಕಲಿಸಿದ್ದು ಇದನ್ನೇ.

ಅಕ್ಷಯ ಕೇಂದ್ರದ ಲೆಕ್ಕ

ಜೂನ್ ತಿಂಗಳಲ್ಲಿ ಪ್ರಮಾಣಪತ್ರಗಳಿಗಾಗಿ ಅಕ್ಷಯ ಕೇಂದ್ರದ ಮುಂದೆ ನಿಲ್ಲದ ಮನೆಯವರು ನಮ್ಮಲ್ಲಿ ಕಡಿಮೆ. ಅಲ್ಲಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದೇ ಮೇಜು, ಒಬ್ಬರೇ ಸಿಬ್ಬಂದಿ. ಅವರು ಸರಾಸರಿ ಗಂಟೆಗೆ 12 ಜನರ ಕೆಲಸ ಮುಗಿಸಬಲ್ಲರು. ಗಂಟೆಗೆ ಸರಾಸರಿ 10 ಜನ ಬರುತ್ತಾರೆ. ಬರುವವರಿಗಿಂತ ಮುಗಿಸುವ ಶಕ್ತಿ ಹೆಚ್ಚಾಗಿರುವುದರಿಂದ ಸಾಲೇ ಇರಬಾರದೆಂದು ಮೇಲುನೋಟಕ್ಕೆ ತೋರುತ್ತದೆ.

ಹಾಗಾಗುವುದಿಲ್ಲ. ಜನರು ಆರು ಆರು ನಿಮಿಷಕ್ಕೊಬ್ಬರಂತೆ ಅಳೆದು ಬರುವುದಿಲ್ಲ. ಬಸ್ಸು ಬಂದಾಗ ನಾಲ್ವರು ಒಟ್ಟಿಗೆ ಬರುತ್ತಾರೆ, ಮತ್ತೆ ಕಾಲು ಗಂಟೆ ಯಾರೂ ಇಲ್ಲ. ಒಬ್ಬರ ಕೆಲಸ ಎರಡು ನಿಮಿಷದಲ್ಲಿ ಮುಗಿದರೆ ಇನ್ನೊಬ್ಬರದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಬರುವಿಕೆಯೂ ಸೇವೆಯೂ ಹೀಗೆ ಪೂರ್ತಿ ಯಾದೃಚ್ಛಿಕವಾಗಿದ್ದರೆ, ಒಬ್ಬರು ಅಲ್ಲಿ ಕಳೆಯುವ ಸರಾಸರಿ ಕಾಲವನ್ನು ಸರಳವಾದ ಒಂದು ಸೂತ್ರ ಕೊಡುತ್ತದೆ: ಸೇವೆಯ ದರದಿಂದ ಬರುವಿಕೆಯ ದರವನ್ನು ಕಳೆದು, ಉಳಿದುದರಿಂದ 1ನ್ನು ಭಾಗಿಸಬೇಕು. 12ರಿಂದ 10 ಕಳೆದರೆ 2. 1ನ್ನು 2ರಿಂದ ಭಾಗಿಸಿದರೆ ಅರ್ಧ ಗಂಟೆ. ಗಂಟೆಗೆ 10 ಜನರಂತೆ ಬರುವವರು ತಲಾ ಅರ್ಧ ಗಂಟೆ ಇದ್ದರೆ, ಯಾವುದೇ ಹೊತ್ತಿನಲ್ಲಿ ಅಲ್ಲಿರುವವರ ಸರಾಸರಿ ಸಂಖ್ಯೆ 5. ಈ ಎರಡನೆಯ ಸಂಬಂಧಕ್ಕೆ 1961ರಲ್ಲಿ ಸಾಧನೆ ಕೊಟ್ಟ ಜಾನ್ ಲಿಟಲ್ ಅವರ ಹೆಸರಿನಿಂದ ಅದನ್ನು ಲಿಟಲ್ ನಿಯಮ ಎನ್ನುತ್ತಾರೆ.

ಇನ್ನು ಬರುವವರ ಸಂಖ್ಯೆ ಗಂಟೆಗೆ 10ರಿಂದ 11ಕ್ಕೆ ಏರಿತೆನ್ನೋಣ. ಒಬ್ಬರೇ ಹೆಚ್ಚಾದದ್ದು. ಆದರೆ 12ರಿಂದ 11 ಕಳೆದರೆ 1. ಕಾಲ ಒಂದು ಗಂಟೆ. ಒಬ್ಬರು ಹೆಚ್ಚಾದುದಕ್ಕೆ ಎಲ್ಲರ ಕಾಲವೂ ಇಮ್ಮಡಿಯಾಯಿತು.

ಈಗ ಇನ್ನೊಂದು ಮೇಜು ಹಾಕಿ ಅಷ್ಟೇ ವೇಗದ ಇನ್ನೊಬ್ಬರನ್ನು ಕೂರಿಸೋಣ, ಸಾಲು ಒಂದೇ ಇರಲಿ. ಕಾಲ ಅರ್ಧವಾದೀತು, ಅಂದರೆ 30 ನಿಮಿಷ ಎಂದು ನಮ್ಮ ವಿದ್ಯಾರ್ಥಿಗಳೆಲ್ಲ ಹೇಳುತ್ತಾರೆ. ಸರತಿ ಸಿದ್ಧಾಂತದ ಉತ್ತರ ಸುಮಾರು 6 ನಿಮಿಷ 20 ಸೆಕೆಂಡು. ಅದರಲ್ಲಿ 5 ನಿಮಿಷ ಕೆಲಸದ ಕಾಲವೇ. ಇಬ್ಬರು ಇರಬೇಕಾದಲ್ಲಿ ಒಬ್ಬರನ್ನೇ ಇಟ್ಟರೆ ಕಷ್ಟ ಎರಡು ಪಟ್ಟಲ್ಲ, ಒಂಬತ್ತು ಪಟ್ಟಿಗೂ ಮಿಕ್ಕಿ ಆಗುತ್ತದೆ. ಆಸ್ಪತ್ರೆಯ ಚೀಟಿ ಕಿಟಕಿಗೂ ಕಚೇರಿಯ ಖಾಲಿ ಹುದ್ದೆಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ಸುರಂಗದ ನೀರು, ಅಣೆಕಟ್ಟಿನ ನೀರು

ಪ್ರಭು ಅವರ ಇನ್ನೊಂದು ಆಸಕ್ತಿ ಸಂಗ್ರಹಣ ಸಿದ್ಧಾಂತ. 1954ರಲ್ಲಿ ಆಸ್ಟ್ರೇಲಿಯಾದ ಪಿ. ಎ. ಪಿ. ಮೊರಾನ್ ಅವರು ಅಣೆಕಟ್ಟುಗಳ ಬಗ್ಗೆ ಒಂದು ಗಣಿತ ಮಾದರಿ ಕೊಟ್ಟಿದ್ದರು: ಮಳೆ ಅನಿಶ್ಚಿತ, ಬಳಕೆ ನಿಶ್ಚಿತ; ಹಾಗಾದರೆ ಅಣೆಕಟ್ಟು ಬತ್ತುವ ಅಥವಾ ತುಂಬಿ ಹರಿಯುವ ಸಂಭವ ಎಷ್ಟು? ನಮ್ಮ ಕಡೆಯ ತೋಟಗಳಲ್ಲಿ ಗುಡ್ಡ ಕೊರೆದ ಸುರಂಗದಿಂದ ನೀರು ತೊಟ್ಟಿಗೆ ಇಳಿಯುವುದನ್ನೂ ಬೇಸಗೆಯಲ್ಲಿ ಆ ತೊಟ್ಟಿಯನ್ನು ನೋಡಿ ಅಡಿಕೆಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡಬೇಕೆಂದು ಹಿರಿಯರು ತೀರ್ಮಾನಿಸುವುದನ್ನೂ ಕಂಡವರಿಗೆ ಈ ಪ್ರಶ್ನೆ ಹೊಸತಲ್ಲ. ಹಿರಿಯರು ಅನುಭವದಿಂದ ಮಾಡುವುದನ್ನು ಗಣಿತಜ್ಞರು ಸಮೀಕರಣದಿಂದ ಮಾಡಿದರು.

ಪ್ರಭು ಅವರು ಜೋ ಗಾನಿ ಎಂಬ ಗಣಿತಜ್ಞರ ಜೊತೆಗೂಡಿ ಈ ವಿಷಯದಲ್ಲಿ ಸಂಶೋಧನೆ ನಡೆಸಿದರು. ತೊಟ್ಟಿಯಲ್ಲಿ ನಿಂತ ನೀರೂ ಸಾಲಿನಲ್ಲಿ ನಿಂತ ಜನರೂ ವಿಮಾ ಕಂಪೆನಿಯ ತಿಜೋರಿಯ ಹಣವೂ ಗಣಿತದ ಕಣ್ಣಿಗೆ ಒಂದೇ ಎಂಬುದು ಅವರ ಬೋಧನೆಯ ತಿರುಳು. 1980ರಲ್ಲಿ ಪ್ರಕಟವಾದ ಅವರ ಸಂಗ್ರಹಣ ಪ್ರಕ್ರಿಯೆಗಳ ಗ್ರಂಥದ ಉಪಶೀರ್ಷಿಕೆಯಲ್ಲಿ ಸರತಿ, ವಿಮೆ, ಅಣೆಕಟ್ಟು ಮೂರೂ ಒಟ್ಟಿಗೆ ಇವೆ. 1998ರ ಎರಡನೆಯ ಆವೃತ್ತಿಯಲ್ಲಿ ಅದಕ್ಕೆ ನಾಲ್ಕನೆಯದು ಸೇರಿತು: ದತ್ತಾಂಶ ಸಂವಹನ, ಅಂದರೆ ಗಣಕಗಳ ನಡುವೆ ಮಾಹಿತಿಯ ಓಡಾಟ. ಅಣೆಕಟ್ಟಿಗಾಗಿ ಕಲಿತ ಗಣಿತ ಅಂತರ್ಜಾಲಕ್ಕೆ ಸಿದ್ಧವಾಗಿ ಸಿಕ್ಕಿತ್ತು.

ಶಿಷ್ಯ: ಉಗ್ಗಪ್ಪಕೋಡಿ ನಾರಾಯಣ ಭಟ್

ಅಧ್ಯಾಪಕನ ಸಾಧನೆಯನ್ನು ಶಿಷ್ಯರಲ್ಲಿ ನೋಡಬೇಕು. ಪ್ರಭು ಅವರ ಶಿಷ್ಯರಲ್ಲಿ ನಮಗೆ ಹತ್ತಿರವೆನಿಸುವ ಹೆಸರು ಯು. ನಾರಾಯಣ ಭಟ್. ಹೆಸರಿನ ಮೊದಲಕ್ಷರ ಬಿಡಿಸಿದರೆ 'ಉಗ್ಗಪ್ಪಕೋಡಿ'. ಹಾಜರಿ ಪುಸ್ತಕದಲ್ಲಿ ದಿನವೂ ಕೋಡಿ, ಮೂಲೆ, ಗುಳಿ, ಪದವುಗಳನ್ನು ಓದುವ ನಮಗೆ ಈ ಹೆಸರಿನ ಜಾಡು ವಿವರಿಸಬೇಕಾಗಿಲ್ಲ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿದ ಭಟ್ಟರು, 1965ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. 1963ರಲ್ಲೇ ಗುರುಶಿಷ್ಯರ ಜಂಟಿ ಲೇಖನಗಳು ಎರಡು ಪತ್ರಿಕೆಗಳಲ್ಲಿ ಬಂದಿದ್ದವು: ಒಂದು ಅಮೆರಿಕದ 'ಆಪರೇಷನ್ಸ್ ರಿಸರ್ಚ್', ಇನ್ನೊಂದು ಪಿ. ಸಿ. ಮಹಲನೋಬಿಸ್ ಅವರು ಕಲ್ಕತ್ತೆಯಲ್ಲಿ ಸ್ಥಾಪಿಸಿದ 'ಸಂಖ್ಯಾ'. ಮುಂದೆ ಭಟ್ಟರು ಅಮೆರಿಕದ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಮತ್ತು ಕಾರ್ಯಾಚರಣಾ ಸಂಶೋಧನೆಯ ಪ್ರಾಧ್ಯಾಪಕರಾದರು.

ಅರ್ಲಾಂಗ್ ಅವರ ಮೊದಲ ಲೇಖನಕ್ಕೆ ಅರುವತ್ತು ತುಂಬಿದ 1969ರಲ್ಲಿ, ಆ ಅರುವತ್ತು ವರ್ಷಗಳ ಸರತಿ ಸಿದ್ಧಾಂತದ ಸಮೀಕ್ಷೆಯನ್ನು 'ಮ್ಯಾನೇಜ್‌ಮೆಂಟ್ ಸೈನ್ಸ್' ಪತ್ರಿಕೆಗೆ ಬರೆದವರು ಇದೇ ಭಟ್ಟರು. 1972ರಲ್ಲಿ ಆನ್ವಯಿಕ ಯಾದೃಚ್ಛಿಕ ಪ್ರಕ್ರಿಯೆಗಳ ಬಗೆಗೂ 2008ರಲ್ಲಿ ಸರತಿ ಸಿದ್ಧಾಂತದ ಪರಿಚಯಕ್ಕಾಗಿಯೂ ಅವರು ಬರೆದ ಪಠ್ಯಗಳು ಮತ್ತೆ ಮತ್ತೆ ಮುದ್ರಣ ಕಂಡವು. ಎರಡೂ ಹೊಸದಾಗಿ ಕಲಿಯುವವರನ್ನು ಎದುರಿಗೆ ಇಟ್ಟುಕೊಂಡು ಬರೆದ ಪುಸ್ತಕಗಳೆಂಬುದನ್ನು ನಾವು ವಿಶೇಷವಾಗಿ ಗಮನಿಸುತ್ತೇವೆ.

ಇದಕ್ಕೂ ಕೃತಕ ಬುದ್ಧಿಮತ್ತೆಗೂ ಏನು ಸಂಬಂಧ?

ಸಂಬಂಧದ ಕೊಂಡಿ ಮಾರ್ಕೋವ್ ಸರಣಿ. ರಷ್ಯದ ಗಣಿತಜ್ಞ ಎ. ಎ. ಮಾರ್ಕೋವ್ 1913ರಲ್ಲಿ ಪುಷ್ಕಿನ್ ಕವಿಯ 'ಯೆವ್ಗೆನಿ ಒನೆಗಿನ್' ಕಾವ್ಯದ 20,000 ಅಕ್ಷರಗಳನ್ನು ಎಣಿಸಿ, ಒಂದು ಸ್ವರದ ಬಳಿಕ ಸ್ವರವೋ ವ್ಯಂಜನವೋ ಎಷ್ಟು ಬಾರಿ ಬರುತ್ತದೆಂದು ಲೆಕ್ಕ ಹಾಕಿದರು. ಈಗಿನ ಸ್ಥಿತಿ ತಿಳಿದರೆ ಮುಂದಿನ ಸ್ಥಿತಿಯ ಸಂಭವ ಹೇಳಬಹುದು ಎಂಬುದೇ ಅದರ ಸಾರ. ಸಾಲಿನಲ್ಲಿ ಈಗ ಎಷ್ಟು ಜನರಿದ್ದಾರೆಂದು ತಿಳಿದರೆ ಮುಂದಿನ ಗಳಿಗೆಯ ಸಂಭವ ಹೇಳಬಹುದು. ಇದು ಪ್ರಭು ಮತ್ತು ಭಟ್ಟರ ವಿಷಯ. 'ಕಾಸರ' ಎಂದು ಬರೆದ ಮೇಲೆ 'ಗೋಡು' ಬರುವ ಸಂಭವ ಬಹಳ ಹೆಚ್ಚು. ಇದು ಇಂದಿನ ಭಾಷಾ ಯಂತ್ರಗಳ ವಿಷಯ. ಈ ಯಂತ್ರಗಳ ರಚನೆ ಮಾರ್ಕೋವ್ ಸರಣಿಗಿಂತ ಎಷ್ಟೋ ಜಟಿಲವಾದರೂ, ಮುಂದಿನ ಪದದ ಸಂಭವವನ್ನು ಲೆಕ್ಕ ಹಾಕುವ ಕೆಲಸ ಅದೇ.

ಕಲಿಯುವ ಯಂತ್ರಗಳ ಅಧ್ಯಯನದಲ್ಲೂ ಕನ್ನಡ ನಾಡಿನ ಅಧ್ಯಾಪಕರೊಬ್ಬರ ಪಾಲು ದೊಡ್ಡದು. 1939ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೋಧಿಸಿದ ಪ್ರೊ. ಎಂ. ಎ. ಎಲ್. ತಾತಾಚಾರ್ ಅವರು 1974ರಲ್ಲಿ ಯೇಲ್ ವಿಶ್ವವಿದ್ಯಾಲಯದ ಕೆ. ಎಸ್. ನರೇಂದ್ರ ಅವರೊಂದಿಗೆ 'ಕಲಿಯುವ ಸ್ವಯಂಚಾಲಿಗಳು' ಎಂಬ ವಿಷಯದ ಸಮೀಕ್ಷೆಯನ್ನು ಪ್ರಕಟಿಸಿದರು. 1989ರಲ್ಲಿ ಅದೇ ವಿಷಯದ ಗ್ರಂಥವನ್ನು ಇಬ್ಬರೂ ಸೇರಿ ಬರೆದರು.

ಸ್ವಯಂಚಾಲಿ ಕಲಿಯುವ ಬಗೆಯನ್ನು ಐದನೆಯ ತರಗತಿಯವರಿಗೂ ಹೇಳಬಹುದು. ಮಳೆಗಾಲದಲ್ಲಿ ಶಾಲೆಗೆ ಎರಡು ದಾರಿ: ತೋಡಿನ ಸಂಕ ದಾಟಿ ಒಂದು, ರಸ್ತೆ ಸುತ್ತಿ ಇನ್ನೊಂದು. ಯಂತ್ರಕ್ಕೆ ಯಾವುದು ಒಳ್ಳೆಯದೆಂದು ಗೊತ್ತಿಲ್ಲ, ಎರಡಕ್ಕೂ 0.5 ಸಂಭವ ಕೊಟ್ಟು ಹೊರಡುತ್ತದೆ. ಮೊದಲ ದಿನ ರಸ್ತೆಯಲ್ಲಿ ಹೋಗಿ ಹೊತ್ತಿಗೆ ಸರಿಯಾಗಿ ತಲಪಿತು. ಆಗ ರಸ್ತೆಯ ಸಂಭವಕ್ಕೆ, ಉಳಿದ 0.5ರ ಹತ್ತನೆಯ ಒಂದು ಭಾಗ ಸೇರಿಸುತ್ತದೆ: 0.55. ಸಂಕದ ದಾರಿಗೆ 0.45 ಉಳಿಯಿತು. ರಸ್ತೆಯಲ್ಲೇ ಇನ್ನೊಮ್ಮೆ ಗೆದ್ದರೆ 0.595 ಮತ್ತು 0.405. ಸೋತ ದಿನ ಏನನ್ನೂ ಬದಲಿಸುವುದಿಲ್ಲ. ಹೀಗೆ ನೂರಾರು ಸಲ ನಡೆದಾಗ ಯಂತ್ರದ ಒಲವು ಹೆಚ್ಚಾಗಿ ಗೆಲ್ಲಿಸುವ ದಾರಿಯತ್ತ ವಾಲುತ್ತದೆ. ಬಹುಮಾನದಿಂದ ಕಲಿಯುವ ಈ ತತ್ತ್ವವನ್ನು ಮುಂದೆ ವಿಸ್ತಾರವಾಗಿ ಬೆಳೆಸಿದ ಆಂಡ್ರೂ ಬಾರ್ಟೊ ಮತ್ತು ರಿಚರ್ಡ್ ಸಟ್ಟನ್ ಅವರಿಗೆ 2024ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. 1977ರಲ್ಲಿ ನರೇಂದ್ರ ಮತ್ತು ಸಹೋದ್ಯೋಗಿಗಳು ಕಲಿಯುವ ಸ್ವಯಂಚಾಲಿಗಳನ್ನು ಅನ್ವಯಿಸಿ ನೋಡಿದ್ದು ಯಾವುದಕ್ಕೆ ಎಂದರೆ, ದೂರವಾಣಿ ಕರೆಗಳನ್ನು ದಟ್ಟಣೆ ಕಡಿಮೆಯಿರುವ ದಾರಿಗೆ ತಿರುಗಿಸುವುದಕ್ಕೆ. ಅರ್ಲಾಂಗ್ ಅವರ ಹಳೆಯ ಪ್ರಶ್ನೆಯ ಬಳಿಗೆ ಕೃತಕ ಬುದ್ಧಿಮತ್ತೆ ಹೀಗೆ ಬಂದು ಸೇರಿತು.

ನಮ್ಮ ತರಗತಿಗಳಿಗೆ ಇದರ ಅರ್ಥ

ಇಲ್ಲಿ ಹೆಸರಿಸಿದ ಗ್ರಂಥಗಳೆಲ್ಲ ಇಂಗ್ಲಿಷಿನವು. ಉನ್ನತ ಶಿಕ್ಷಣದಲ್ಲಿ ಇಂಗ್ಲಿಷ್ ಬೇಕು. ಬೇಡವೆಂದು ಹೇಳಿ ಹೆತ್ತವರನ್ನು ದಾರಿ ತಪ್ಪಿಸುವವರು ನಾವಲ್ಲ. ಆದರೆ ಈ ಶಾಸ್ತ್ರದ ಬಾಗಿಲು ಭಿನ್ನರಾಶಿ, ಸರಾಸರಿ ಮತ್ತು ಸಾಧ್ಯತೆಯ ಲೆಕ್ಕ. ಈ ಮೂರೂ ಹತ್ತನೆಯ ತರಗತಿಯೊಳಗೆ ನಮ್ಮ ಕನ್ನಡ ಪಠ್ಯಗಳಲ್ಲಿ ಇವೆ. ಬರುವವರು ಮತ್ತು ಮುಗಿಸುವವರ ನಡುವಿನ ವ್ಯತ್ಯಾಸದಿಂದ 1ನ್ನು ಭಾಗಿಸಿದರೆ ಸಾಲು ಏಕೆ ಒಮ್ಮೆಲೇ ಬೆಳೆಯುತ್ತದೆಂದು ಮನೆಮಾತಿನಲ್ಲಿ ಚರ್ಚಿಸಿ ಅರಿತ ಮಗು, ಅದೇ ಸೂತ್ರವನ್ನು ಮುಂದೆ ಇಂಗ್ಲಿಷಿನಲ್ಲಿ ಕಂಡಾಗ ಗುರುತು ಹಿಡಿಯುತ್ತದೆ. ಅರಿಯದೆ ಬಾಯಿಪಾಠ ಮಾಡಿದ ಮಗುವಿಗೆ ಯಾವ ಭಾಷೆಯಲ್ಲೂ ಅದು ಅಪರಿಚಿತವೇ.

2024–25ರ ಶೈಕ್ಷಣಿಕ ವರ್ಷದಿಂದ ಕೇರಳದ ಏಳನೆಯ ತರಗತಿಯ ಐಸಿಟಿ ಪಠ್ಯದಲ್ಲಿ ಕೃತಕ ಬುದ್ಧಿಮತ್ತೆಯ ಪಾಠ ಸೇರಿದೆ. ಮುಖಭಾವವನ್ನು ಗುರುತಿಸುವ ಕ್ರಮವಿಧಿಯನ್ನು ಮಕ್ಕಳೇ ತಯಾರಿಸುವ ಚಟುವಟಿಕೆ ಅದರಲ್ಲಿದೆ. ಆ ಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನಂತೆ ಕನ್ನಡದಲ್ಲೂ ಇದೆ. ಆದ್ದರಿಂದ ಪುಸ್ತಕ ಕನ್ನಡದಲ್ಲಿಲ್ಲ ಎಂಬ ಮಾತು ಸರಿಯಲ್ಲ. ಕೊರತೆ ಇರುವುದು ಬೇರೆಡೆ. ನಮ್ಮಲ್ಲೊಬ್ಬರು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಗಣಿತದ ಹುದ್ದೆ ತಿಂಗಳುಗಟ್ಟಲೆ ಖಾಲಿಯಿತ್ತು. ಕೊನೆಗೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಶ್ರದ್ಧೆಯಿಂದಲೇ ಹಲಗೆಯ ಮೇಲೆ ಬರೆದರು, ಮಕ್ಕಳು ಶ್ರದ್ಧೆಯಿಂದಲೇ ನಕಲಿಸಿಕೊಂಡರು. ವರ್ಷವಿಡೀ ಆ ತರಗತಿಯಲ್ಲಿ ಒಂದು ಪ್ರಶ್ನೆಯೂ ಏಳಲಿಲ್ಲ. ನಮ್ಮ ತಪ್ಪನ್ನೂ ಹೇಳಬೇಕು: ಸಾಧ್ಯತೆಯ ಪಾಠವನ್ನು ಪರೀಕ್ಷೆಗೆ ಬೇಕಾದಷ್ಟೇ ಕಲಿಸಿ, ಒಂದೇ ಒಂದು ದಾಳವನ್ನೂ ಉರುಳಿಸದೆ ಮುಗಿಸಿದ ವರ್ಷಗಳು ನಮಗೂ ಇವೆ.

ಹೆತ್ತವರಿಗೆ ನಮ್ಮ ಉತ್ತರ ಇಷ್ಟು. ಮಗು ಯಾವ ಮಾಧ್ಯಮದಲ್ಲಿದೆ ಎಂಬುದರ ಜೊತೆಗೆ, ತನಗೆ ಅರ್ಥವಾಗುವ ಭಾಷೆಯಲ್ಲಿ ಗಣಿತ ಕಲಿಸುವ ಅಧ್ಯಾಪಕರು ಅದಕ್ಕೆ ಇದ್ದಾರೆಯೇ ಎಂದು ಕೇಳಿರಿ. ಇಲ್ಲದಿದ್ದರೆ ಶಾಲೆ ಬದಲಿಸುವ ಮೊದಲು ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಆ ಹುದ್ದೆಯನ್ನು ಕೇಳಿರಿ. ಹತ್ತರ ಬಳಿಕ ಗಣಿತವಿರುವ ವಿಜ್ಞಾನ ವಿಭಾಗ, ಆಮೇಲೆ ಗಣಿತ, ಸಂಖ್ಯಾಶಾಸ್ತ್ರ ಅಥವಾ ಗಣಕ ವಿಜ್ಞಾನದ ಪದವಿ ಈ ಕ್ಷೇತ್ರಕ್ಕೆ ನೇರ ದಾರಿ. ಕಾಸರಗೋಡಿನ ಸರಕಾರಿ ಕಾಲೇಜು, ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಜಿಲ್ಲೆಯೊಳಗೇ ಇವೆ; ಬೆಂಗಳೂರಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕೇಂದ್ರವೂ ಭಾರತೀಯ ವಿಜ್ಞಾನ ಸಂಸ್ಥೆಯೂ ಇವೆ.

ಮುಖ್ಯ ಇಸವಿಗಳು

1909: ದೂರವಾಣಿ ದಟ್ಟಣೆಯ ಬಗ್ಗೆ ಅರ್ಲಾಂಗ್ ಅವರ ಮೊದಲ ಲೇಖನ
1924: ಎನ್. ಯು. ಪ್ರಭು ಅವರ ಜನನ, ಕಲ್ಲಿಕೋಟೆ
1952–61: ಪ್ರಭು ಅವರ ಧಾರವಾಡದ ಅಧ್ಯಾಪನ
1963: ಪ್ರಭು–ಭಟ್ ಜಂಟಿ ಲೇಖನಗಳು
1965: ಪ್ರಭು ಅವರು ಕಾರ್ನೆಲ್‌ಗೆ, ನಾರಾಯಣ ಭಟ್ಟರಿಗೆ ಪಿಎಚ್.ಡಿ.
1969: ಸರತಿ ಸಿದ್ಧಾಂತದ ಅರುವತ್ತು ವರ್ಷಗಳ ಕುರಿತು ಭಟ್ಟರ ಸಮೀಕ್ಷೆ
1974: ನರೇಂದ್ರ–ತಾತಾಚಾರ್ ಸಮೀಕ್ಷೆ
1986: 'ಕ್ಯೂಯಿಂಗ್ ಸಿಸ್ಟಮ್ಸ್' ಪತ್ರಿಕೆಯ ಆರಂಭ
2022: ಪ್ರಭು ಅವರ ನಿಧನ

ಪದಪರಿಚಯ

ಕಾರ್ಯಾಚರಣಾ ಸಂಶೋಧನೆ: ಇರುವ ಸಂಪನ್ಮೂಲಗಳ ಅತ್ಯುತ್ತಮ ಬಳಕೆಯನ್ನು ಗಣಿತದಿಂದ ಕಂಡುಕೊಳ್ಳುವ ಶಾಸ್ತ್ರ.
ಸರತಿ ಸಿದ್ಧಾಂತ: ಕಾಯುವ ಸಾಲುಗಳ ಗಣಿತ.
ಸಂಭವನೀಯತೆ: ಒಂದು ಘಟನೆ ನಡೆಯುವ ಸಾಧ್ಯತೆಯನ್ನು 0 ಮತ್ತು 1ರ ನಡುವಿನ ಸಂಖ್ಯೆಯಿಂದ ಹೇಳುವುದು.
ಯಾದೃಚ್ಛಿಕ ಪ್ರಕ್ರಿಯೆ: ಕಾಲ ಸರಿದಂತೆ ಆಕಸ್ಮಿಕವಾಗಿ ಬದಲಾಗುತ್ತ ಹೋಗುವ ಸಂಗತಿ, ಸಾಲಿನ ಉದ್ದ, ತೊಟ್ಟಿಯ ನೀರು ಇದಕ್ಕೆ ಉದಾಹರಣೆ.
ಮಾರ್ಕೋವ್ ಸರಣಿ: ಮುಂದಿನ ಸ್ಥಿತಿಯ ಸಂಭವ ಈಗಿನ ಸ್ಥಿತಿಯೊಂದನ್ನೇ ಅವಲಂಬಿಸಿರುವ ಪ್ರಕ್ರಿಯೆ.
ಕಲಿಯುವ ಸ್ವಯಂಚಾಲಿ: ಗೆಲುವು ಸೋಲುಗಳನ್ನು ನೋಡಿ ತನ್ನ ಆಯ್ಕೆಯ ಸಂಭವಗಳನ್ನು ತಿದ್ದಿಕೊಳ್ಳುವ ಯಂತ್ರ.